ಕುಂಡದ ಅರಳಿಗೆ ಕತ್ತರಿ ಹಾಕುವ ಕಾಲ

ನಮ್ಮ ಟೆರೇಸಿನಲ್ಲಿ ಒಂದು ಅರಳಿ ಗಿಡ ಇದೆ. ವಯಸ್ಸು ಹನ್ನೊಂದು, ಎತ್ತರ ಒಂದೂವರೆ ಅಡಿ. ದಾವಣಗೆರೆಯ ನಮ್ಮ ಹಳೇ ಮನೆಯಲ್ಲಿ ಮಳೆನೀರಿನ ಪೈಪು ಗೋಡೆಗೆ ಸೇರುವ ಸಂದಿಯಲ್ಲಿ ಹುಟ್ಟಿದ್ದು. ಯಾವುದೋ ಹಕ್ಕಿ ಹಣ್ಣು ತಿಂದು ಹಾಕಿ ಹೋದ ಬೀಜ. ಬಿಟ್ಟರೆ ಗೋಡೆ ಸೀಳುತ್ತದೆ ಅಂತ ಕಿತ್ತೆವು. ಬಿಸಾಡಲು ಮನಸ್ಸು ಬರಲಿಲ್ಲ, ಕುಂಡಕ್ಕೆ ಹಾಕಿದೆ.

ಅದರ ಬಲಗಡೆಯ ಕೊಂಬೆಯ ಮೇಲ್ಭಾಗದಲ್ಲಿ ತೊಗಟೆ ಸತ್ತು ಒಣಗಿದ ಒಂದು ಪಟ್ಟಿ ಇದೆ. ಬೆರಳಿನಷ್ಟು ಉದ್ದ. ನಾಲ್ಕು ವರ್ಷದ ಹಿಂದೆ, ಏಪ್ರಿಲ್ ತಿಂಗಳಲ್ಲಿ ನಾನು ಮಾಡಿದ ತಪ್ಪಿನ ಗುರುತು ಅದು. ಬೋನ್ಸಾಯ್ ಅಂದರೆ ಕುಂಡದಲ್ಲಿ ಕುಳ್ಳಗೆ ಬೆಳೆಸುವ ಮರ. ಎಲೆ ಉದುರಿಸುವ ಜಾತಿಯ ಬೋನ್ಸಾಯ್ ಮರಗಳನ್ನು ಬೇಸಿಗೆಯ ಶುರುವಿನಲ್ಲಿ ಸವರಬೇಕು, ಎಲೆ ತೆಗೆಯಬೇಕು ಅಂತ ಓದಿದ್ದೆ. ಯುಗಾದಿ ಆಗಷ್ಟೇ ಮುಗಿದಿತ್ತು. ಗಿಡದ ತುಂಬ ತಾಮ್ರದ ಬಣ್ಣದ ಎಳೆ ಎಲೆ. ಒಂದೂ ಬಿಡದೆ ಕತ್ತರಿಸಿದೆ. ಆ ವಾರ ಬಿಸಿಲು 38 ಡಿಗ್ರಿ ದಾಟಿತು. ಹದಿನೈದು ದಿನಕ್ಕೆ ನಾಲ್ಕಾರು ಮೊಗ್ಗು ಬಂದವು, ಬಂದ ಹಾಗೇ ಕರಕಲಾದವು. ಕೊಂಬೆಯ ಮೇಲಿನ ತೊಗಟೆ ಸುಟ್ಟು ಬಿರಿಯಿತು.

ಹೊಸದುರ್ಗದ ಕಡೆ ದಾಳಿಂಬೆ ಬೆಳೆಯುವ ಸೋದರಮಾವ ಆಗ ಮನೆಗೆ ಬಂದಿದ್ದರು. ಗಿಡವನ್ನು ತಿರುಗಿಸಿ ತಿರುಗಿಸಿ ನೋಡಿದರು. “ಅಲ್ಲೋ, ಈ ಕಾವಿನಾಗ ಎಲೆ ಪೂರಾ ಬೋಳಿಸಿಬಿಟ್ಟಿದ್ದೀಯಲ್ಲ, ಕೊಂಬೆಗೆ ನೆರಳು ಯಾರು ಕೊಡಬೇಕು?” ಅಂದರು. ಎಲೆ ಅಂದರೆ ಗಿಡದ ಅಡುಗೆಮನೆ ಅಂತ ಶಾಲೆಯಲ್ಲಿ ಕಲಿತಿದ್ದೆ. ಅದೇ ಎಲೆ ಗಿಡಕ್ಕೆ ಕೊಡೆಯೂ ಹೌದು ಅನ್ನೋದು ಅವತ್ತೇ ಹೊಳೆದದ್ದು.

ನಾನು ಓದಿದ್ದು ಸುಳ್ಳಲ್ಲ. ಅದು ಬೇರೆ ಊರಿನ ಬೇಸಿಗೆಯ ಮಾತು, ಅಷ್ಟೇ. ಜಪಾನಿನಲ್ಲಿ ಮೇಪಲ್ ಮರದ ಎಲೆ ತೆಗೆಯುವುದು ಮೇ ಕೊನೆ, ಜೂನ್ ತಿಂಗಳಲ್ಲಿ. ಟೋಕಿಯೋದಲ್ಲಿ ಜೂನ್ ಹಗಲಿನ ಉಷ್ಣತೆ ಸರಾಸರಿ 26 ಡಿಗ್ರಿ ಆಸುಪಾಸು ಇರುತ್ತದೆ. ಆ ತಿಂಗಳೇ ಅವರ ಜಡಿಮಳೆಯೂ ಶುರುವಾಗುತ್ತದೆ. ಅವರು ಬೇಸಿಗೆ ಅನ್ನುವ ಆ ದಿನಗಳು ಗಿಡದ ಪಾಲಿಗೆ ನಮ್ಮ ಮುಂಗಾರಿನ ಹಾಗೆ: ಮೋಡ, ತೇವ, ಹದವಾದ ಬಿಸಿ. ನಮ್ಮ ಏಪ್ರಿಲ್‌ಗೂ ಅದಕ್ಕೂ ಹೆಸರು ಬಿಟ್ಟರೆ ಏನೂ ಸಂಬಂಧ ಇಲ್ಲ.

ಮರಗಳು ಎಲೆ ಉದುರಿಸುವ ಕಾರಣವೂ ಬೇರೆ. ಅಲ್ಲಿ ಚಳಿಗೆ ಹೆದರಿ ಉದುರಿಸುತ್ತವೆ, ಇಲ್ಲಿ ನೀರಿನ ಬರಕ್ಕೆ. ಚಿತ್ರದುರ್ಗದ ಜೋಗಿಮಟ್ಟಿ ಕಾಡನ್ನು ಫೆಬ್ರುವರಿ, ಮಾರ್ಚ್‌ನಲ್ಲಿ ನೋಡಿದವರಿಗೆ ಗೊತ್ತು, ಮರಗಳೆಲ್ಲ ಬೋಳು. ಆದರೆ ಎಷ್ಟೋ ಮರಗಳು ಮಳೆ ಬರುವವರೆಗೂ ಕಾಯುವುದಿಲ್ಲ. ಸುಡು ಬಿಸಿಲಿನಲ್ಲೇ ಚಿಗುರುತ್ತವೆ. ಯಾಕೆ? ಎಲೆ ಉದುರಿದ ಮೇಲೆ ನೀರು ಆರುವುದು ನಿಲ್ಲುತ್ತದೆ, ಕಾಂಡ ಮತ್ತೆ ನೀರು ತುಂಬಿಕೊಳ್ಳುತ್ತದೆ. ಆ ಉಳಿತಾಯದ ನೀರಿನಲ್ಲಿ, ಹಿಂದಿನ ವರ್ಷ ಕೂಡಿಟ್ಟ ಪಿಷ್ಟದ ಬಲದಲ್ಲಿ ಹೊಸ ಎಲೆ ಬರುತ್ತದೆ. ತಮಿಳುನಾಡಿನ ಮುದುಮಲೈ ಕಾಡಿನ ಮರಗಳನ್ನು ನೋಡಿ ಮುರಳಿ ಮತ್ತು ಸುಕುಮಾರ್ ಎಂಬ ವಿಜ್ಞಾನಿಗಳು 1993ರಲ್ಲಿ ಇನ್ನೊಂದು ಲಾಭವನ್ನೂ ತೋರಿಸಿದರು. ಒಣಗಾಲದಲ್ಲೇ ಚಿಗುರಿದ ಮರಗಳ ಎಲೆಗೆ ಹುಳುಗಳ ಕಾಟ ಕಡಿಮೆ. ಮಳೆ ಬಿದ್ದು ಹುಳು ಹೆಚ್ಚುವ ಹೊತ್ತಿಗೆ ಎಲೆ ಬಲಿತು ಗಟ್ಟಿಯಾಗಿರುತ್ತದೆ.

ಈಗ ನನ್ನ ತಪ್ಪಿನ ಲೆಕ್ಕ ನೋಡಿ. ಎಳೆ ಎಲೆ ಇನ್ನೂ ದುಡಿಯುವ ಎಲೆ ಅಲ್ಲ. ಅದು ಬೆಳೆಯಲು ಗಿಡ ಕೂಡಿಟ್ಟ ಗಂಟಿನಿಂದ ಸಕ್ಕರೆ ಎಳೆದುಕೊಳ್ಳುತ್ತದೆ. ಬಲಿತು ದಟ್ಟ ಹಸಿರಾದ ಮೇಲೆ ತಾನು ತಿಂದದ್ದನ್ನು ತೀರಿಸಿ, ಮೇಲೊಂದಿಷ್ಟು ಕೊಡಲು ಶುರು ಮಾಡುತ್ತದೆ. ಗಂಟು ಖರ್ಚಾಗಿ, ದುಡಿಮೆ ಶುರುವಾಗುವ ಮುಂಚೆಯೇ ನಾನು ಕತ್ತರಿಸಿದ್ದೆ. ಮತ್ತೆ ಚಿಗುರಲು ಗಿಡದ ಕೈಯಲ್ಲಿ ಏನೂ ಉಳಿದಿರಲಿಲ್ಲ.

ಹಾಗಾಗಿ ನಾನೀಗ ತಿಂಗಳು ನೋಡುವುದಿಲ್ಲ, ಎಲೆ ನೋಡುತ್ತೇನೆ. ಎಲೆಯ ತಾಮ್ರದ ಬಣ್ಣ ಹೋಗಿರಬೇಕು. ಬೆರಳಲ್ಲಿ ಮಡಿಚಿದರೆ ಗರಿಗರಿ ಅನ್ನಬೇಕು. ತೊಟ್ಟು ಕೊಂಬೆಗೆ ಸೇರುವ ಕಂಕುಳಲ್ಲಿ ಪುಟ್ಟ ಮೊಗ್ಗು ಚೂಪಾಗಿ ಕಾಣಬೇಕು. ನಮ್ಮ ಟೆರೇಸಿನಲ್ಲಿ ಇದು ಮೇ ಮಧ್ಯಕ್ಕೆ ಆಗುತ್ತದೆ. ಆದರೂ ತಡೆಯುತ್ತೇನೆ. ರೋಹಿಣಿ ಮಳೆ ಒಂದೆರಡು ಬಿದ್ದು ಗಾಳಿ ತಂಪಾಗಲಿ ಅಂತ ಕಾದು, ಮೃಗಶಿರಾ ಹೊತ್ತಿಗೆ, ಅಂದರೆ ಜೂನ್ ಎರಡನೇ ವಾರಕ್ಕೆ ಕತ್ತರಿ ಎತ್ತಿಕೊಳ್ಳುತ್ತೇನೆ. ಏಪ್ರಿಲ್, ಮೇ ತಿಂಗಳಲ್ಲಿ ಗಿಡಕ್ಕೆ ಬೇಕಾದದ್ದು ಶೇಡ್ ನೆಟ್ಟಿನ ನೆರಳು, ಎರಡು ಹೊತ್ತು ನೀರು. ತಟ್ಟೆಯಂಥ ಕುಂಡ ಬಿಸಿಲಿಗೆ ಕಾದರೆ ಮಣ್ಣಿನ ಅಂಚಿನ ಬೇರು ಬೆಂದೇ ಹೋಗುತ್ತದೆ.

ಕುಡಿ ಚಿವುಟಿದರೆ ಕವಲೊಡೆಯುತ್ತದೆ ಅನ್ನೋದು ಸೇವಂತಿಗೆ ಬೆಳೆಯುವ ಎಲ್ಲರಿಗೂ ಗೊತ್ತು. ಅದರ ಹಿಂದಿನ ವಿಜ್ಞಾನದ ಕಥೆ ತುಂಬ ಚೆನ್ನಾಗಿದೆ. ಕುಡಿಯಲ್ಲಿ ಆಕ್ಸಿನ್ ಅನ್ನುವ ಹಾರ್ಮೋನು ತಯಾರಾಗುತ್ತದೆ. ಅದು ಕಾಂಡದಲ್ಲಿ ಕೆಳಗಿಳಿಯುತ್ತಾ ಪಕ್ಕದ ಮೊಗ್ಗುಗಳನ್ನು ಮಲಗಿಸಿಡುತ್ತದೆ. 1933ರಲ್ಲಿ ಥೀಮನ್ ಮತ್ತು ಸ್ಕೂಗ್ ಎಂಬಿಬ್ಬರು ವಿಜ್ಞಾನಿಗಳು ಬೀನ್ಸ್ ಜಾತಿಯ ಗಿಡದ ಕುಡಿ ಕತ್ತರಿಸಿ, ಆ ಗಾಯದ ಮೇಲೆ ಆಕ್ಸಿನ್ ಇರುವ ಅಗರ್ ತುಂಡು, ಅಂದರೆ ಜೆಲ್ಲಿಯಂಥ ತುಂಡು ಇಟ್ಟರು. ಕುಡಿ ಇಲ್ಲದಿದ್ದರೂ ಪಕ್ಕದ ಮೊಗ್ಗು ಏಳಲಿಲ್ಲ. ಬಹಳ ಕಾಲ ಇದೇ ಮುಖ್ಯ ಉತ್ತರ ಅನ್ನಿಸಿತ್ತು. ಆದರೆ ಒಂದು ತೊಡಕು. ಆಕ್ಸಿನ್ ಗಂಟೆಗೆ ಸುಮಾರು ಒಂದು ಸೆಂಟಿಮೀಟರ್ ಮಾತ್ರ ಸಾಗುತ್ತದೆ. ಕುಡಿ ಕತ್ತರಿಸಿದಾಗ ದೂರದ ಮೊಗ್ಗು ಅದಕ್ಕಿಂತ ಬಹಳ ಬೇಗ ಎಚ್ಚರಾಗುತ್ತದೆ. 2014ರಲ್ಲಿ ಬಟಾಣಿ ಗಿಡದ ಮೇಲೆ ನಡೆದ ಅಧ್ಯಯನ ಇದನ್ನು ಬಿಡಿಸಿತು. ಮೊದಲ ಸುದ್ದಿ ಕೊಡುವುದು ಆಕ್ಸಿನ್ ಅಲ್ಲ, ಸಕ್ಕರೆ.

ಭದ್ರಾ ನಾಲೆ ಗೊತ್ತಿರುವವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮೇಲಿನವರು ಜಾಸ್ತಿ ನೀರು ಎಳೆದುಕೊಂಡರೆ ದಾವಣಗೆರೆ, ಹರಿಹರದ ಕೊನೆ ಭಾಗದ ಗದ್ದೆಗೆ ನೀರು ಮುಟ್ಟುವುದಿಲ್ಲ, ಅಲ್ವಾ? ಬೆಳೆಯುವ ಕುಡಿ ಆ ಮೇಲಿನ ಗದ್ದೆಯ ಹಾಗೆ. ಎಲೆಗಳು ಮಾಡಿದ ಸಕ್ಕರೆಯನ್ನೆಲ್ಲ ಅದೇ ಎಳೆದುಕೊಳ್ಳುತ್ತದೆ. ಕುಡಿ ಹೋಯಿತೋ, ಸಕ್ಕರೆ ಕಂಕುಳಿನ ಮೊಗ್ಗುಗಳಿಗೆ ತಿರುಗುತ್ತದೆ. ಅವು ಕಣ್ಣು ಬಿಡುತ್ತವೆ. ಆಮೇಲೆ ಯಾವ ಮೊಗ್ಗು ಮುಂದೆ ಬೆಳೆಯಬೇಕು ಅನ್ನುವುದರಲ್ಲಿ ಹಾರ್ಮೋನುಗಳ ಮಾತು ನಡೆಯುತ್ತದೆ.

ಇದು ಗೊತ್ತಾದ ಮೇಲೆ ನಾನು ಕತ್ತರಿಸುವ ರೀತಿಯೇ ಬದಲಾಯಿತು. ಮುಂಚೆ ಸುಮ್ನೆ ಸುತ್ತಲೂ ಒಂದೇ ಸಮ ಕತ್ತರಿಸುತ್ತಿದ್ದೆ, ಬೇಲಿ ಸವರಿದ ಹಾಗೆ. ಅದರಿಂದ ತುದಿ ಮತ್ತೆ ಚಿಗುರಿ ದಪ್ಪವಾಗುತ್ತದೆ, ಕೆಳಗಿನ ಕೊಂಬೆ ಬಡವಾಗುತ್ತದೆ. ಈಗ ತುದಿಯನ್ನು ಗಟ್ಟಿಯಾಗಿ ಕತ್ತರಿಸುತ್ತೇನೆ. ಆರೇಳು ಎಲೆ ಬಂದ ಕುಡಿಯಲ್ಲಿ ಎರಡೇ ಎಲೆ ಉಳಿಸುತ್ತೇನೆ. ನಡುವಿನ ಕೊಂಬೆಯಲ್ಲಿ ಮೂರು ನಾಲ್ಕು. ಕೆಳಗಿನ ಕೊಂಬೆ ದಪ್ಪವಾಗಬೇಕು ಅಂದರೆ ಅದನ್ನು ಮುಟ್ಟುವುದೇ ಇಲ್ಲ, ಉದ್ದಕ್ಕೆ ಓಡಲು ಬಿಡುತ್ತೇನೆ. ಕೊನೆಯಲ್ಲಿ ಉಳಿಯುವ ಮೊಗ್ಗು ಯಾವ ಕಡೆ ಮುಖ ಮಾಡಿದೆಯೋ ಹೊಸ ಕವಲು ಆ ಕಡೆಗೇ ಹೋಗುತ್ತದೆ. ಹೊರಮುಖದ ಮೊಗ್ಗು ನೋಡಿ, ಅದರ ಸ್ವಲ್ಪ ಮೇಲೆ ಕತ್ತರಿಸಬೇಕು. ಒಳಗೆ ನುಗ್ಗುವ, ನೇರ ಮೇಲಕ್ಕೋ ಕೆಳಕ್ಕೋ ಹೋಗುವ, ಒಂದನ್ನೊಂದು ದಾಟುವ ಕೊಂಬೆಗಳನ್ನು ಆಗಲೇ ತೆಗೆಯುವುದು ಒಳ್ಳೆಯದು. ಒಳಗೆ ಬೆಳಕು ಬೀಳದಿದ್ದರೆ ಅಲ್ಲಿನ ಮೊಗ್ಗುಗಳು ಸಾಯುತ್ತವೆ.

ಎಲೆ ತೆಗೆಯುವ ಕೆಲಸವನ್ನೂ ಈಗ ಪೂರ್ತಿ ಮಾಡುವುದಿಲ್ಲ. ಹೊರಗಡೆಯ ದೊಡ್ಡ ಎಲೆಗಳನ್ನಷ್ಟೇ, ಹೆಚ್ಚೆಂದರೆ ಅರ್ಧದಷ್ಟು. ತೊಟ್ಟನ್ನು ಬಿಟ್ಟು ಎಲೆಯನ್ನು ಮಾತ್ರ ಕತ್ತರಿಸಬೇಕು. ಕಿತ್ತರೆ ಕಂಕುಳಿನ ಮೊಗ್ಗಿಗೆ ಪೆಟ್ಟು. ಉಳಿದ ತೊಟ್ಟು ಒಂದು ವಾರ, ಹತ್ತು ದಿನದಲ್ಲಿ ತಾನೇ ಹಳದಿಯಾಗಿ ಬೀಳುತ್ತದೆ. ಕತ್ತರಿಸಿದಲ್ಲೆಲ್ಲ ಹಾಲು ಬರುತ್ತದೆ. ಹೆದರಬೇಡಿ. ಅದು ಗಾಯ ಮುಚ್ಚಲು, ಹುಳು ದೂರ ಇಡಲು ಗಿಡ ಮಾಡಿಕೊಂಡ ವ್ಯವಸ್ಥೆ. ಒದ್ದೆ ಹತ್ತಿ ಒತ್ತಿ ಹಿಡಿದರೆ ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ಆ ವರ್ಷ ಕುಂಡ ಬದಲಿಸಿದ ಗಿಡಕ್ಕೆ, ಸೊರಗಿದ ಗಿಡಕ್ಕೆ ಎಲೆ ತೆಗೆಯುವ ಕೆಲಸ ಬೇಡವೇ ಬೇಡ.

ಮಾವನಿಗೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ದಾಳಿಂಬೆಗೆ ಅವರು ವರ್ಷವೂ ಇದನ್ನೇ ಮಾಡುತ್ತಾರೆ. ನೀರು ನಿಲ್ಲಿಸಿ ಗಿಡಕ್ಕೆ ವಿಶ್ರಾಂತಿ ಕೊಡುತ್ತಾರೆ. ಔಷಧಿ ಹೊಡೆದು ಎಲೆ ಉದುರಿಸಿ, ಚಾಟನಿ ಮಾಡಿ, ಅಂದರೆ ಕೊಂಬೆ ಸವರಿ, ಗೊಬ್ಬರ ಕೊಟ್ಟು ನೀರು ಬಿಡುತ್ತಾರೆ. ವಿಶ್ರಾಂತಿಯಲ್ಲಿ ಕೊಂಬೆ ಗಂಟು ಕೂಡಿಸಿಕೊಳ್ಳದಿದ್ದರೆ ಹೂ ಬರುವುದಿಲ್ಲ ಅನ್ನುತ್ತಾರೆ. ನಾನು ಪುಸ್ತಕದಲ್ಲಿ ಹುಡುಕಿದ ಮಾತು ಅವರ ತೋಟದಲ್ಲೇ ಇತ್ತು.

ಎಲೆ ಚಿಕ್ಕದಾಗುವುದು ಹೇಗೆ ಅಂತ ತುಂಬ ಜನ ಕೇಳುತ್ತಾರೆ. ಎರಡನೇ ಸಲ ಬರುವ ಎಲೆಗೆ ಗಂಟು ಕಡಿಮೆ, ಹಂಚಿಕೊಳ್ಳುವ ಮೊಗ್ಗು ಜಾಸ್ತಿ. ಹಾಗಾಗಿ ಒಂದೊಂದೂ ಚಿಕ್ಕದು. ನನ್ನ ಅರಳಿಯ ಮೊದಲ ಎಲೆ ಅಂಗೈಯಷ್ಟು ಇತ್ತು, ಈಗಿನದು ಐದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು. ಆದರೆ ಅದರೊಳಗಿನ ಜೀವಕೋಶಗಳು ಕುಗ್ಗಿರುವುದಿಲ್ಲ. ಬೋನ್ಸಾಯ್ ಗಿಡಗಳ ಎಲೆಯನ್ನು ದೊಡ್ಡ ಮರದ ಎಲೆಯ ಜೊತೆ ಹೋಲಿಸಿದ ಕ್ರಿಶ್ಚಿಯನ್ ಕೋರ್ನರ್ ಮತ್ತು ಜೊತೆಗಾರರು 1989ರಲ್ಲಿ ಇದನ್ನು ಹೇಳಿದರು. ಕೋಶದ ಅಳತೆ ಹೆಚ್ಚುಕಮ್ಮಿ ಅದೇ, ಸಂಖ್ಯೆ ಮಾತ್ರ ಕಡಿಮೆ. ಅದೇ ಇಟ್ಟಿಗೆಯಲ್ಲಿ ಕಟ್ಟಿದ ಚಿಕ್ಕ ಮನೆ. ಇದನ್ನು ಓದಿದ ದಿನ ನನಗೆ ನಿಜವಾಗಿ ಖುಷಿಯಾಯಿತು.

ಗಿಡಕ್ಕೆ ಇದು ಹಿಂಸೆ ಅಲ್ವಾ ಅಂತ ಪಕ್ಕದ ಮನೆಯ ಅಜ್ಜಿ ಕೇಳಿದ್ದರು. ಅರಳಿಯನ್ನು ಕಟ್ಟೆ ಕಟ್ಟಿ ಸುತ್ತು ಹಾಕುವವರು ಅವರು, ಕೇಳುವುದು ಸಹಜ. ಅವರಿಗೆ ಚಿತ್ರದುರ್ಗದ ಕೋಟೆ ನೆನಪಿಸಿದೆ. ಅಲ್ಲಿ ಬಂಡೆಯ ಸೀಳಿನಲ್ಲಿ, ಕಲ್ಲುಗೋಡೆಯ ಸಂದಿನಲ್ಲಿ ಅರಳಿ ಜಾತಿಯ ಗಿಡಗಳು ಮೊಣಕಾಲೆತ್ತರಕ್ಕೆ ನಿಂತಿರುತ್ತವೆ. ಹಿಡಿ ಮಣ್ಣು, ಮಳೆ ಬಂದರೆ ನೀರು. ಯಾರೂ ಕತ್ತರಿಸಿದ್ದಲ್ಲ. ಬೇರಿಗೆ ಸಿಕ್ಕಷ್ಟು ಜಾಗಕ್ಕೆ ತಕ್ಕ ಹಾಗೆ ಕೊಂಬೆ ಬೆಳೆಸಿಕೊಂಡು ಬದುಕುವುದು ಈ ಮರದ ಗುಣ. ಕುಂಡದ ಗಿಡಕ್ಕೆ ನೀರು, ಗೊಬ್ಬರ, ನೆರಳು ಮೂರೂ ಸಿಗುತ್ತದೆ. ಹಿಂಸೆ ಆಗುವುದು ಕಾಲ ತಪ್ಪಿ ಕತ್ತರಿ ಹಾಕಿದಾಗ. ಅದನ್ನು ನಾನು ಮಾಡಿದ್ದೇನೆ ಅಂತಲೂ ಅವರಿಗೆ ಹೇಳಿದೆ, ಆ ಪಟ್ಟಿ ತೋರಿಸಿದೆ.

ಆ ಪಟ್ಟಿ ಯಾವತ್ತೂ ಮಾಯುವುದಿಲ್ಲ. ನಮ್ಮ ಚರ್ಮದ ಹಾಗೆ ಮರ ಸತ್ತ ಭಾಗವನ್ನು ಹೊಸದು ಮಾಡಿಕೊಳ್ಳುವುದಿಲ್ಲ. ಅಮೆರಿಕದ ಮರವಿಜ್ಞಾನಿ ಅಲೆಕ್ಸ್ ಶೈಗೋ ಸಾವಿರಾರು ಮರಗಳನ್ನು ಉದ್ದುದ್ದ ಸೀಳಿ ನೋಡಿ 1970ರ ದಶಕದಲ್ಲಿ ಇದನ್ನು ವಿವರಿಸಿದರು. ಮರ ಗಾಯದ ಸುತ್ತ ಗೋಡೆ ಕಟ್ಟಿ ಕೊಳೆಯನ್ನು ಒಳಗೇ ಕೂಡಿಹಾಕುತ್ತದೆ. ತೊಗಟೆಯ ಕೆಳಗೆ ಬೆಳೆಯುತ್ತಿರುವ ತೆಳು ಪದರಕ್ಕೆ ಕ್ಯಾಂಬಿಯಂ ಅನ್ನುತ್ತಾರೆ. ಅಂಚಿನ ಆ ಪದರದಿಂದ ಹೊಸ ಅಂಗಾಂಶ ಉರುಳಿ ಬಂದು ಮೇಲೆ ಮುಚ್ಚುತ್ತದೆ. ಕ್ಯಾಂಬಿಯಂ ಚುರುಕಾಗಿರುವ ಮಳೆಗಾಲದಲ್ಲಿ ಇದು ಬೇಗ ಆಗುತ್ತದೆ. ದಪ್ಪ ಕೊಂಬೆಯನ್ನು ಜೂನ್‌ನಲ್ಲೇ ತೆಗೆಯಲು ಇದು ಇನ್ನೊಂದು ಕಾರಣ.

ಅದೇ ಚುರುಕು ತಂತಿ ಸುತ್ತುವವರಿಗೆ ತೊಂದರೆ. ಕೊಂಬೆಗೆ ಅಲ್ಯೂಮಿನಿಯಂ ತಂತಿ ಓರೆಯಾಗಿ ಸುತ್ತಿ ಬಗ್ಗಿಸಿದರೆ, ಹೊಸದಾಗಿ ಕೂಡುವ ಮರದ ಪದರವೇ ಆ ಬಾಗನ್ನು ಹಿಡಿದಿಡುತ್ತದೆ. ಮಳೆಗಾಲದಲ್ಲಿ ಅರಳಿ ಬೇಗ ದಪ್ಪವಾಗುತ್ತದೆ, ತಂತಿ ತೊಗಟೆಗೆ ಕಚ್ಚುತ್ತದೆ. ವಾರಕ್ಕೊಮ್ಮೆ ನೋಡಬೇಕು. ಬಿಚ್ಚುವಾಗ ತಿರುವಿ ತೆಗೆಯಬೇಡಿ, ತುಂಡು ತುಂಡಾಗಿ ಕತ್ತರಿಸಿ ತೆಗೆಯಿರಿ.

ಈ ಸಲ ಜೂನ್ 12ಕ್ಕೆ ಕತ್ತರಿಸಿದೆ. ಮಲ್ಲಿಗೆ ಮೊಗ್ಗಿನಷ್ಟು ಕೆಂಪು ಮೊಗ್ಗು ಒಂಬತ್ತನೇ ದಿನ ಕಂಡವು. ಅವು ಬಿರಿದ ಮೇಲೆ ಚಳ್ಳಕೆರೆಯಿಂದ ತಂದ ಶೇಂಗಾ ಹಿಂಡಿ ನೆನೆಸಿ, ತೆಳ್ಳಗೆ ಮಾಡಿ ಹಾಕಿದೆ. ಸುಟ್ಟ ಪಟ್ಟಿಯ ಎರಡೂ ಅಂಚಿನಿಂದ ಹೊಸ ತೊಗಟೆ ಕಡ್ಡಿಯಷ್ಟು ಒಳಗೆ ಬಂದಿದೆ. ಕೆಳಗಿನ ಎಡ ಕೊಂಬೆಯನ್ನು ಈ ವರ್ಷವೂ ಮುಟ್ಟಿಲ್ಲ.