ಲೂಯೀಸ್ ಸತ್ತದ್ದು ಖುಷಿಯಿಂದ ಅಲ್ಲ

ಗಂಡ ರೈಲು ಅಪಘಾತದಲ್ಲಿ ಸತ್ತ ಅಂತ ಸುದ್ದಿ ಬರುತ್ತದೆ. ಹೆಂಡತಿಗೆ ಹೃದಯದ ಕಾಯಿಲೆ. ಹಾಗಾಗಿ ಒಡಹುಟ್ಟಿದವಳೇ ಮೆಲ್ಲಗೆ, ಅರ್ಧರ್ಧ ಮಾತಲ್ಲಿ ವಿಷಯ ತಿಳಿಸುತ್ತಾಳೆ. ಅವಳು ಬಿಕ್ಕಿ ಬಿಕ್ಕಿ ಅತ್ತು, ಆಮೇಲೆ ಒಬ್ಬಳೇ ಕೋಣೆಗೆ ಹೋಗುತ್ತಾಳೆ. ಅಲ್ಲಿ ಕೂತಾಗ ಅವಳ ಬಾಯಿಂದ ತಾನಾಗಿ ಬರುವ ಮಾತು, ತಾನೀಗ ಸ್ವತಂತ್ರಳು ಅನ್ನುವುದು. ಒಂದು ಗಂಟೆಯೊಳಗೆ ಗಂಡ ಬದುಕಿಯೇ ಮನೆಗೆ ಬರುತ್ತಾನೆ, ಅವಳು ಸಾಯುತ್ತಾಳೆ. ಖುಷಿ ತಡೆಯಲಾರದೆ ಸತ್ತಳು ಅಂತ ಡಾಕ್ಟರುಗಳು ಹೇಳುತ್ತಾರೆ.

ಅಮೆರಿಕದ ಕೇಟ್ ಶೊಪಾನ್ 1894ರ ಏಪ್ರಿಲ್‌ನಲ್ಲಿ ಬರೆದ 'ದಿ ಸ್ಟೋರಿ ಆಫ್ ಆ್ಯನ್ ಅವರ್' ಕಥೆ ಇದು. ಇಂಗ್ಲಿಷಿನಲ್ಲಿ ಹೆಚ್ಚು ಕಡಿಮೆ ಸಾವಿರ ಪದ, ಅಷ್ಟೇ. ಇದರ ವಿಪರ್ಯಾಸ ಅಂದಾಗ ಎಲ್ಲರೂ ಕೊನೆಯ ತಿರುವಿನ ಬಗ್ಗೆಯೇ ಮಾತಾಡುತ್ತಾರೆ. ನನಗೆ ಅದು ಚಿಕ್ಕ ವಿಪರ್ಯಾಸ ಅನ್ನಿಸುತ್ತದೆ. ದೊಡ್ಡದು ಬೇರೆ ಇದೆ: ಹೊಡೆತ ಬಡಿತ ಏನೂ ಇಲ್ಲದ, ಪ್ರೀತಿಸುವ ಗಂಡನಿರುವ ಹೆಂಗಸಿಗೂ ತನ್ನ ದಿನ ತನ್ನದಾಗಬೇಕಾದರೆ ಒಂದು ಸಾವು ಬೇಕಾಯಿತು. ಯಾಕೆ ಅಂತ ತಿಳಿಯಲು ಆಗಿನ ಕಾನೂನು ನೋಡಬೇಕು.

ಇಂಗ್ಲೆಂಡಿನಿಂದ ಬಂದ ಹಳೆಯ ಕಾನೂನಿನ ಪ್ರಕಾರ ಮದುವೆಯಾದ ಮೇಲೆ ಗಂಡ ಹೆಂಡತಿ ಇಬ್ಬರೂ ಒಬ್ಬರೇ, ಆ ಒಬ್ಬರು ಗಂಡ. ಆಸ್ತಿ, ದುಡಿಮೆ, ಕರಾರು, ಕೋರ್ಟು ಎಲ್ಲ ಅವನ ಹೆಸರಲ್ಲಿ. ಮದುವೆಯಾಗದ ವಯಸ್ಕ ಹೆಣ್ಣಿಗೆ ಇದ್ದ ಹಕ್ಕು ಹೆಂಡತಿಗೆ ಇರಲಿಲ್ಲ. ಗಂಡ ಸತ್ತರೆ ಮತ್ತೆ ಸಿಗುತ್ತಿತ್ತು! 1848ರಲ್ಲಿ ನ್ಯೂಯಾರ್ಕ್ ಹೆಂಡತಿಯ ಆಸ್ತಿ ಹಕ್ಕಿಗೆ ಕಾನೂನು ಮಾಡಿತು, ಉಳಿದ ರಾಜ್ಯಗಳೂ ನಿಧಾನವಾಗಿ ಬದಲಾದವು. ಆದರೆ ಎಷ್ಟು ನಿಧಾನ ಅಂದರೆ, ಶೊಪಾನ್ ಹುಟ್ಟಿದ ಊರಾದ ಸೇಂಟ್ ಲೂಯಿಸ್‌ನಲ್ಲೇ 1872ರಲ್ಲಿ ವರ್ಜೀನಿಯಾ ಮೈನರ್ ಅನ್ನುವವರು ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋಗಿ, ಆಗಲ್ಲ ಅನ್ನಿಸಿಕೊಂಡು, ಕೋರ್ಟಿಗೆ ಹೋಗಬೇಕೆಂದಾಗ ಮದುವೆಯಾದ ಹೆಂಗಸು ಒಬ್ಬಳೇ ದಾವೆ ಹೂಡುವ ಹಾಗಿರಲಿಲ್ಲ. ಗಂಡ ಫ್ರಾನ್ಸಿಸ್ ಜೊತೆಗೆ ನಿಲ್ಲಬೇಕಾಯಿತು. 1875ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು: ಅವಳು ಪ್ರಜೆ ಹೌದು, ಆದರೆ ಪ್ರಜೆ ಅಂದ ಮಾತ್ರಕ್ಕೆ ಮತ ಹಾಕುವ ಹಕ್ಕಿಲ್ಲ.

ಶೊಪಾನ್ ಬೆಳೆದದ್ದು ವಿಧವೆಯರ ಮನೆಯಲ್ಲಿ. 1855ರಲ್ಲಿ ಹೊಸ ರೈಲು ದಾರಿಯ ಮೊದಲ ಪಯಣದಂದೇ ಗ್ಯಾಸ್ಕನೇಡ್ ನದಿಯ ಸೇತುವೆ ಕುಸಿದು ಅವರ ತಂದೆ ಸತ್ತರು. ಕಥೆಯ ರೈಲು ಅಪಘಾತ ಓದುವಾಗ ಇದು ನೆನಪಾಗದೆ ಇರುವುದಿಲ್ಲ, ಅಲ್ವಾ? ತಾಯಿ ಮತ್ತೆ ಮದುವೆಯಾಗಲಿಲ್ಲ. ಅಜ್ಜಿ, ಮುತ್ತಜ್ಜಿ ಕೂಡ ವಿಧವೆಯರೇ. ಮಗು ಕೇಟ್ ಕಣ್ಣಮುಂದೆ ಗಂಡಸಿನ ಅಪ್ಪಣೆ ಕೇಳದೆ ಮನೆ ನಡೆಸುವ ಹೆಂಗಸರಿದ್ದರು.

1870ರಲ್ಲಿ ಆಸ್ಕರ್ ಶೊಪಾನ್ ಜೊತೆ ಮದುವೆ, ನ್ಯೂ ಆರ್ಲಿಯನ್ಸ್‌ನಲ್ಲಿ ಸಂಸಾರ, ಆರು ಮಕ್ಕಳು. ಹತ್ತಿ ವ್ಯಾಪಾರ ಕೈಕೊಟ್ಟ ಮೇಲೆ ಲೂಯಿಸಿಯಾನದ ಕ್ಲೂಟಿಯರ್‌ವಿಲ್ ಅನ್ನುವ ಸಣ್ಣ ಊರಿಗೆ ಹೋದರು. 1882ರಲ್ಲಿ ಮಲೇರಿಯಾದಿಂದ ಆಸ್ಕರ್ ತೀರಿಕೊಂಡಾಗ ಉಳಿದದ್ದು ಸಾಲ. ಹೆತ್ತ ಮಕ್ಕಳಿಗೆ ಪೋಷಕಿಯಾಗಲೂ ಅವರು ಕೋರ್ಟಿಗೆ ಅರ್ಜಿ ಹಾಕಬೇಕಾಯಿತು. ಒಂದು ವರ್ಷಕ್ಕೂ ಜಾಸ್ತಿ ಕಾಲ ಅಂಗಡಿ, ಜಮೀನು ತಾವೇ ನೋಡಿಕೊಂಡರು. ಆಮೇಲೆ ಸೇಂಟ್ ಲೂಯಿಸ್‌ಗೆ ಮರಳಿ ಬರೆಯತೊಡಗಿದರು. ದಾಂಪತ್ಯ ಚೆನ್ನಾಗಿಯೇ ಇತ್ತು ಅಂತ ಜೀವನಚರಿತ್ರೆಕಾರರು ಹೇಳುತ್ತಾರೆ. ಈ ವಿವರ ನನಗೆ ಮುಖ್ಯ. ಕಥೆಯನ್ನು ಕೆಟ್ಟ ಗಂಡನ ಮೇಲಿನ ಸಿಟ್ಟಿನಿಂದ ಬರೆದದ್ದಲ್ಲ.

ಕಥೆಯೊಳಗಿನ ಗಂಡ ಬ್ರೆಂಟ್ಲಿ ಮ್ಯಾಲರ್ಡ್ ಕೂಡ ಕೆಟ್ಟವನಲ್ಲ. ಅವನ ಮುಖ ಯಾವತ್ತೂ ತನ್ನನ್ನು ಪ್ರೀತಿಯಿಂದಲ್ಲದೆ ನೋಡಿರಲಿಲ್ಲ ಅಂತ ಅವಳಿಗೇ ಗೊತ್ತು. ಹೆಣದ ಮುಂದೆ ಮತ್ತೆ ಅಳುತ್ತೇನೆ ಅಂತಲೂ ಗೊತ್ತು. ಆದರೂ ಕಿಟಕಿಯಾಚೆ ವಸಂತದ ಮರಗಳು, ಮಳೆಯ ವಾಸನೆ, ಬೀದಿಯಲ್ಲಿ ಕೂಗುವ ಮಾರಾಟಗಾರ, ಎಲ್ಲಿಂದಲೋ ತೇಲಿಬರುವ ಹಾಡು, ಇವುಗಳ ನಡುವೆ ಕೂತು ಅವಳು ಒಂದು ಸತ್ಯ ಕಂಡುಕೊಳ್ಳುತ್ತಾಳೆ. ಒಬ್ಬರು ತಮ್ಮ ಇಷ್ಟವನ್ನು ಇನ್ನೊಬ್ಬರ ಮೇಲೆ ಹೇರುವುದು, ಉದ್ದೇಶ ಒಳ್ಳೆಯದಿರಲಿ ಕೆಟ್ಟದಿರಲಿ, ಅಪರಾಧವೇ. ಇಡೀ ಕಥೆ ನಿಂತಿರುವುದು ಈ ಒಂದು ಯೋಚನೆಯ ಮೇಲೆ. ಗಂಡ ದುಷ್ಟನಾಗಿದ್ದರೆ ಓದುವವರು ಅವನನ್ನು ಬೈದು ಸುಮ್ನೆ ಮುಂದೆ ಹೋಗುತ್ತಿದ್ದರು. ಒಳ್ಳೆಯವನಾದ್ದರಿಂದ ಮದುವೆಯ ಏರ್ಪಾಟನ್ನೇ ನೋಡಬೇಕಾಗುತ್ತದೆ.

ಇನ್ನೊಂದು ಸಂಗತಿ ನೋಡಿ. ಅಲ್ಲಿಯವರೆಗೆ ಅವಳು ಬರೀ ಮಿಸೆಸ್ ಮ್ಯಾಲರ್ಡ್. ಕೋಣೆಯಲ್ಲಿ ಬಿಡುಗಡೆ ಅನುಭವಿಸಿದ ಮೇಲೆಯೇ, ಬಾಗಿಲ ಹೊರಗೆ ಒಡಹುಟ್ಟಿದ ಜೋಸೆಫಿನ್ ಕೂಗಿದಾಗ, ಅವಳ ಸ್ವಂತ ಹೆಸರು ಲೂಯೀಸ್ ಅಂತ ನಮಗೆ ತಿಳಿಯುತ್ತದೆ. ಹಿಂದಿನ ದಿನವಷ್ಟೇ ಆಯಸ್ಸು ಎಷ್ಟು ಉದ್ದವೋ ಅಂತ ನಡುಗಿದ್ದವಳು ಈಗ ದೀರ್ಘಾಯುಷ್ಯ ಬೇಡಿಕೊಳ್ಳುತ್ತಾಳೆ. ಕೆಳಗೆ ಗಂಡನ ಗೆಳೆಯ ರಿಚರ್ಡ್ಸ್ ಕಾದಿದ್ದಾನೆ. ಎರಡನೇ ಟೆಲಿಗ್ರಾಮಿನಿಂದ ಖಚಿತ ಮಾಡಿಕೊಂಡೇ ಸುದ್ದಿ ತಂದವನು, ಕೊನೆಗೆ ಬ್ರೆಂಟ್ಲಿಯನ್ನು ಅವಳ ಕಣ್ಣಿಂದ ಮರೆ ಮಾಡಲು ಓಡುವವನೂ ಅವನೇ. ಅವಳ ಹೃದಯದ ಬಗ್ಗೆ ಎಲ್ಲರಿಗೂ ಕಾಳಜಿ. ಅದರಲ್ಲಿ ಏನಿದೆ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಡಾಕ್ಟರುಗಳ ಮಾತು ಸುಳ್ಳು ಅಂತ ಗೊತ್ತಿರುವುದು ಓದುಗರಿಗೆ ಮಾತ್ರ.

1894ರ ಡಿಸೆಂಬರ್‌ನಲ್ಲಿ 'ವೋಗ್' ಪತ್ರಿಕೆ ಇದನ್ನು 'ದಿ ಡ್ರೀಮ್ ಆಫ್ ಆ್ಯನ್ ಅವರ್' ಅಂತ ಪ್ರಕಟಿಸಿತು. ಲೂಯೀಸ್ ಬದುಕಿ ಉಳಿದು ಸುಖವಾಗಿದ್ದರೆ ಆ ಕಾಲದಲ್ಲಿ ಇದು ಅಚ್ಚಾಗುವುದು ಕಷ್ಟವಿತ್ತು ಅಂತ ನನ್ನ ಅನಿಸಿಕೆ. 1899ರಲ್ಲಿ ಶೊಪಾನ್ ಅವರ ಕಾದಂಬರಿ 'ದಿ ಅವೇಕನಿಂಗ್' ಬಂದಾಗ ವಿಮರ್ಶಕರು ಹೇಗೆ ಹರಿಹಾಯ್ದರು ನೋಡಿ. ಮುಂದಿನ ಕಥಾಸಂಕಲನವನ್ನು ಪ್ರಕಾಶಕರು ವಾಪಸ್ ಕಳಿಸಿದರು. 1904ರಲ್ಲಿ ಅವರು ತೀರಿಕೊಂಡರು. 1969ರಲ್ಲಿ ನಾರ್ವೆಯ ವಿದ್ವಾಂಸ ಪೆರ್ ಸೇಯರ್‌ಸ್ಟೆಡ್, ಶೊಪಾನ್ ಅವರ ಸಮಗ್ರ ಬರಹಗಳನ್ನು ಹೊರತಂದ ಮೇಲೆ, ಸ್ತ್ರೀವಾದಿ ಚಳವಳಿ ಜೋರಾಗಿದ್ದ ವರ್ಷಗಳಲ್ಲಿ, ಕಥೆ ತರಗತಿಗಳಿಗೆ ಬಂತು.

ಲೂಯೀಸ್ ಸ್ವಾರ್ಥಿ ಅಂತ ಹೇಳುವ ಓದುಗರು ಈಗಲೂ ಇದ್ದಾರೆ. ನಾನು ಒಪ್ಪುವುದಿಲ್ಲ. ಅವಳು ಗಂಡನ ಸಾವನ್ನು ಬಯಸಲಿಲ್ಲ, ಅದಕ್ಕಾಗಿ ಅತ್ತಳು. ಮುಂದಿನ ವರ್ಷಗಳು ನನ್ನವು ಅಂದುಕೊಂಡಳು, ಅಷ್ಟೇ. ಬ್ರೆಂಟ್ಲಿಗಾದರೆ ಆ ಹಕ್ಕು ಹುಟ್ಟಿನಿಂದಲೇ ಇತ್ತು.