ದಾನಪತ್ರಕ್ಕೆ ಸಹಿ ಹಾಕುವ ಮುಂಚೆ ಬನ್ನಿ

ನಮ್ಮ ಸಂಸ್ಥೆಯಲ್ಲಿ ಒಂದು ಟೇಬಲ್ಲಿನಲ್ಲಿ ಗಂಡ-ಹೆಂಡತಿ, ಅತ್ತೆ-ಸೊಸೆ ಜಗಳಕ್ಕೆ ಆಪ್ತಸಮಾಲೋಚನೆ ನಡೆಯುತ್ತದೆ. ಇನ್ನೊಂದರಲ್ಲಿ ಹುಡುಗರಿಗೆ ಕೆಲಸ, ಸಾಲ, ತರಬೇತಿಯ ಮಾಹಿತಿ ಕೊಡುತ್ತಾರೆ. ಹಿರಿಯರ ಟೇಬಲ್ ನನ್ನದು. ಪಿಂಚಣಿಗೆ, ಕಣ್ಣಿನ ಆಪರೇಷನ್ನಿಗೆ ಜನ ಸರಿಯಾದ ಹೊತ್ತಿಗೇ ಬರುತ್ತಾರೆ. ಮನೆ ಬರೆದುಕೊಡುವ ವಿಷಯಕ್ಕೆ ಮಾತ್ರ ಎಲ್ಲ ಮುಗಿದ ಮೇಲೆ ಬರುತ್ತಾರೆ. ಅಷ್ಟರಲ್ಲಿ ಮನೆ ಮಗನ ಹೆಸರಿಗೆ ಆಗಿರುತ್ತದೆ, ಖಾತೆ ಬದಲಾಗಿರುತ್ತದೆ, ಇವರ ಹಾಸಿಗೆ ರೂಮಿನಿಂದ ವರಾಂಡಕ್ಕೆ ಬಂದಿರುತ್ತದೆ. ಆಗ "ಹೇಗಾದ್ರೂ ಮಾಡಿ ಪತ್ರ ಕ್ಯಾನ್ಸಲ್ ಮಾಡಿಸ್ಕೊಡಿ ಮೇಡಂ" ಅಂತಾರೆ.

ಎಲ್ಲರ ಬಾಯಲ್ಲೂ ಒಂದೇ ಮಾತು. ನೋಡಿಕೊಳ್ಳದಿದ್ದರೆ ವಾಪಸ್ ತಗೋಬಹುದಂತೆ, ಕಾನೂನಿದೆಯಂತೆ. ಇದೆ, ಇಲ್ಲ ಅನ್ನುವುದಿಲ್ಲ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್. ಆದರೆ ಅದನ್ನು ಪೂರ್ತಿ ಕೇಳಿಸಿಕೊಳ್ಳಿ. 60 ವರ್ಷ ದಾಟಿದವರು ತಮ್ಮ ಊಟ-ವಸತಿಯಂಥ ಅಗತ್ಯಗಳನ್ನು ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಆಸ್ತಿ ಕೊಟ್ಟಿದ್ದು, ಪಡೆದವರು ಅದನ್ನು ಮುರಿದರೆ, ಆಗ ಆ ಪತ್ರವನ್ನು ರದ್ದು ಮಾಡಬಹುದು. ಷರತ್ತಿನ ಮೇಲೆ ಕೊಟ್ಟಿದ್ದರೆ! ಎಲ್ಲರೂ ಬಿಟ್ಟುಬಿಡುವುದು ಇದನ್ನೇ. ಅಂಥ ಷರತ್ತು ಇತ್ತು ಅಂತ ತೋರಿಸಲು ಆಗದಿದ್ದರೆ ಈ ಸೆಕ್ಷನ್ ನೆರವಿಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರ್‌ನಲ್ಲಿ ಹೇಳಿತು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ತಾಯಿಯೊಬ್ಬರ ಪ್ರಕರಣದಲ್ಲಿ ಅದೇ ಕೋರ್ಟು ಕಾಯ್ದೆಯನ್ನು ಹಿರಿಯರ ಪರವಾಗಿ ಧಾರಾಳವಾಗಿ ಓದಬೇಕೆಂದು ಹೇಳಿ ದಾನಪತ್ರವನ್ನು ರದ್ದು ಮಾಡಿತು. ನನಗೆ ತುಂಬಾ ಖುಷಿಯಾಯಿತು. ಆದರೆ ಅಲ್ಲೂ, ನೋಡಿಕೊಳ್ಳುತ್ತೇನೆ ಅಂತ ಮಗನ ಹೆಸರಿನಲ್ಲಿದ್ದ ಒಂದು ಕಾಗದ ತಾಯಿಯ ಕೈಯಲ್ಲಿತ್ತು.

ನಮ್ಮಲ್ಲಿಗೆ ಬರುವ ಪತ್ರಗಳಲ್ಲಿ ಏನಿರುತ್ತದೆ ಗೊತ್ತಾ? "ಪ್ರೀತಿ ವಿಶ್ವಾಸದಿಂದ ದಾನವಾಗಿ ಕೊಟ್ಟಿರುತ್ತೇನೆ, ಇಂದಿನಿಂದ ನೀವು ಪುತ್ರ ಪೌತ್ರ ಪಾರಂಪರ್ಯವಾಗಿ ಅನುಭವಿಸಿಕೊಂಡು ಬರತಕ್ಕದ್ದು." ಅಷ್ಟೇ. ಬರೆಯುವವರ ಹತ್ರ ಇದು ಮೊದಲೇ ಟೈಪ್ ಮಾಡಿಟ್ಟ ಸಾಲು, ಹೆಸರು ಮತ್ತು ಚಕ್ಕುಬಂದಿ ಮಾತ್ರ ಬದಲಾಗುತ್ತದೆ. ಒಬ್ಬ ಅಜ್ಜಿ ಪ್ಲಾಸ್ಟಿಕ್ ಕವರಿನಲ್ಲಿ ಇಂಥ ಪತ್ರ, ಹಳೆಯ ಕಂದಾಯದ ರಸೀದಿ, ಗಂಡನ ಮರಣ ಪತ್ರ ಎಲ್ಲ ಸುತ್ತಿಕೊಂಡು ಬಂದಿದ್ದರು. ಓದಿ ಹೇಳಿದೆ. "ಅವತ್ತು ಯಾರೂ ಹಿಂಗೆ ಓದಿ ಹೇಳ್ಲಿಲ್ಲ ಕಣಮ್ಮ, ಒಪ್ಪಿಗೆ ಇದ್ಯಾ ಅಂದ್ರು, ಹೂಂ ಅಂದೆ" ಅಂದರು. ಪ್ರತಿ ಹಾಳೆಯ ಕೆಳಗೂ ಅವರ ಹೆಬ್ಬೆಟ್ಟು. ಅರ್ಜಿ ಹಾಕಿದೆವು. ಅವರಿಗೆ ಜೀವನಾಂಶ ಸಿಕ್ಕಿತು, ಮನೆ ಸಿಗಲಿಲ್ಲ. ಅಷ್ಟಾದರೂ ಮಗನ ಮೇಲೆ ಪೊಲೀಸರಿಗೆ ಹೇಳುವುದು ಬೇಡ ಅಂತ ನನ್ನ ಕೈ ಹಿಡಿದುಕೊಂಡರು. ಇಂಥವರ ಮೇಲೆ ಹೇಗೆ ಸಿಟ್ಟು ಮಾಡಿಕೊಳ್ಳಲಿ?

"ಹೆತ್ತ ಮಗನಿಗೆ ಷರತ್ತು ಹಾಕೋದಾ?" ಅಂತ ಕೇಳುತ್ತಾರೆ. ಹಾಕಬೇಕು. ದಾನ ಪಡೆದವರು ಕೊಟ್ಟವರ ಜೀವಮಾನವಿಡೀ ಊಟ, ಬಟ್ಟೆ, ವಸತಿ, ಔಷಧೋಪಚಾರ ನೋಡಿಕೊಳ್ಳತಕ್ಕದ್ದು, ತಪ್ಪಿದಲ್ಲಿ ಪತ್ರ ರದ್ದು ಮಾಡಿಸುವ ಹಕ್ಕು ಇರುತ್ತದೆ, ಮನೆಯಲ್ಲಿ ಸಾಯುವ ತನಕ ವಾಸಿಸುವ ಹಕ್ಕೂ ಇರುತ್ತದೆ ಅಂತ ಅದೇ ಪತ್ರದಲ್ಲಿ ಬರೆಸಿ. ಬೇರೆ ಚೀಟಿಯಲ್ಲಿ ಬೇಡ, ಬಾಯಿಮಾತಂತೂ ಬೇಡವೇ ಬೇಡ. ನಿಖರವಾದ ಒಕ್ಕಣೆಯನ್ನು ನಿಮ್ಮ ವಕೀಲರು ನೋಡಲಿ. ಪಿತ್ರಾರ್ಜಿತ ಆಸ್ತಿಯಾದರೆ ಲೆಕ್ಕವೇ ಬೇರೆ, ಅದಕ್ಕೆ ನಾನು ಇಲ್ಲಿ ಕೈ ಹಾಕುವುದಿಲ್ಲ.

ಇಷ್ಟಕ್ಕೂ ಈಗಲೇ ಕೊಡಬೇಕಾ? ಸಾಯುವ ತನಕ ಆಸ್ತಿ ನಿಮ್ಮದೇ ಆಗಿರಬೇಕಾದರೆ ವಿಲ್ ಬರೆಯಿರಿ, ಮನಸ್ಸು ಬದಲಾದರೆ ಬದಲಿಸಬಹುದು. ಕುಟುಂಬದೊಳಗಿನ ದಾನಪತ್ರಕ್ಕೆ ಮುದ್ರಾಂಕ ಶುಲ್ಕ ಕಡಿಮೆ ಅಂತ ಆತುರ ಪಡುವವರೂ ಇದ್ದಾರೆ. ಇನ್ನು ಜಾಸ್ತಿ ಜನ ಹೇಳುವುದು, ಮಗ ಅಂಗಡಿ ಹಾಕ್ತಾನೆ, ಬ್ಯಾಂಕಿನವರು ಆಸ್ತಿ ಕೇಳ್ತಾರೆ ಅಂತ. ಅಂಥ ಹುಡುಗರನ್ನು ದಯವಿಟ್ಟು ಮೊದಲು ನಮ್ಮ ಪಕ್ಕದ ಟೇಬಲ್ಲಿಗೆ ಕಳಿಸಿ. ಮುದ್ರಾ ಯೋಜನೆಯಲ್ಲಿ 10 ಲಕ್ಷದವರೆಗಿನ ಸಾಲಕ್ಕೆ ಅಡಮಾನ ಬೇಕಿಲ್ಲ. ಮೊಬೈಲ್ ರಿಪೇರಿ ಅಂಗಡಿಗೆ, ಸಣ್ಣ ಬೇಕರಿಗೆ ಅಷ್ಟು ಸಾಕಲ್ವಾ? ಅದಕ್ಕೂ ಜಾಸ್ತಿ ಬೇಕಾದರೆ ಮನೆ ನಿಮ್ಮ ಹೆಸರಲ್ಲೇ ಇಟ್ಟುಕೊಂಡು ಅಡಮಾನ ಕೊಡುವ ದಾರಿ ಇದೆ. ಸಾಲ ಕಟ್ಟದಿದ್ದರೆ ಮನೆಗೆ ಅಪಾಯ ಅನ್ನುವುದು ನಿಜ, ಆದ್ದರಿಂದ ಅದನ್ನೂ ಯೋಚಿಸಿಯೇ ಮಾಡಿ.

ಈಗಾಗಲೇ ಷರತ್ತಿಲ್ಲದೆ ಬರೆದುಕೊಟ್ಟಿದ್ದೀರಾ? ಆದರೂ ಬನ್ನಿ. ಮನೆಯ ಮಾತು ಹೇಗೇ ಇರಲಿ, ಜೀವನಾಂಶ ಕೇಳಬಹುದು. ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ ಹಾಕಬೇಕು. ವಕೀಲರನ್ನು ಇಡಲೇಬೇಕೆಂದಿಲ್ಲ. ಈ ಕಾಯ್ದೆಯಡಿ ತಿಂಗಳಿಗೆ 10,000 ರೂಪಾಯಿವರೆಗೆ ಕೊಡಿಸಬಹುದು. ಮಗಳೂ ಹೊಣೆಯೇ, ವಯಸ್ಸಿಗೆ ಬಂದ ಮೊಮ್ಮಕ್ಕಳೂ ಹೊಣೆಯೇ. ಓಡಾಡಲು ಆಗದಿದ್ದರೆ 14567ಕ್ಕೆ ಫೋನ್ ಮಾಡಿ, ಅದು ಹಿರಿಯರ ಉಚಿತ ಸಹಾಯವಾಣಿ.

ಇನ್ನೂ ಸಹಿ ಹಾಕದವರು ಪತ್ರದ ಕರಡು ತನ್ನಿ. ಮಗನನ್ನೂ ಜೊತೆಗೆ ಕರೆದುಕೊಂಡು ಬನ್ನಿ. ಎದುರಿಗೆ ಕೂರಿಸಿಕೊಂಡು ಆ ಷರತ್ತನ್ನು ಓದಿ ಹೇಳಿದಾಗ ಬೇಡ ಅನ್ನುವ ಮಕ್ಕಳು ಕಡಿಮೆ. ಬೇಡ ಅಂದರೆ, ಆ ಪತ್ರಕ್ಕೆ ಅವತ್ತು ಸಹಿ ಹಾಕಬೇಡಿ.