ಫಿಗರ್ ಆಫ್ ಸ್ಪೀಚ್ ಗೊತ್ತಾಗಬೇಕಾ? ವಾಕ್ಯವನ್ನು ಸ್ವಲ್ಪ ಕೆಡಿಸಿ ನೋಡಿ

ಪರೀಕ್ಷೆ ಹತ್ತಿರ ಬಂದಾಗ ಇಂಗ್ಲಿಷ್ ಕ್ಲಾಸಿನ ರಿವಿಜನ್ ಅಂದರೆ ಫಿಗರ್ ಆಫ್ ಸ್ಪೀಚ್‌ಗಳ, ಅಂದರೆ ಮಾತಿನ ಅಲಂಕಾರಗಳ ಒಂದು ಪಟ್ಟಿ. ಸಿಮಿಲಿ, ಮೆಟಫರ್, ಪರ್ಸಾನಿಫಿಕೇಶನ್, ಅಲಿಟರೇಶನ್. ಪಕ್ಕದಲ್ಲಿ ಒಂದೊಂದು ವ್ಯಾಖ್ಯೆ, ಒಂದೊಂದು ಉದಾಹರಣೆ. ಮರುದಿನ ವಾಯ್ಸ್, ಅದರ ಮರುದಿನ ರಿಪೋರ್ಟೆಡ್ ಸ್ಪೀಚ್. ಮಕ್ಕಳು ಬಾಯಿಪಾಠ ಮಾಡುತ್ತಾರೆ, ಅಂಕವೂ ಬರುತ್ತದೆ. ಆದರೆ 'ಲೈಕ್' (ಹಾಗೆ, ಅಂತೆ) ಕಂಡ ಕೂಡಲೇ ಸಿಮಿಲಿ, ಅಂದರೆ ಹೋಲಿಕೆ, ಎನ್ನುವ ಅಭ್ಯಾಸ ಬಿದ್ದವರು 'ಐ ಲೈಕ್ ಮ್ಯಾಂಗೋಸ್' ಎಂಬುದನ್ನೂ ಸಿಮಿಲಿ ಎಂದೇ ಗುರುತಿಸುತ್ತಾರೆ. ತಮಾಷೆಗೆ ಹೇಳುತ್ತಿಲ್ಲ.

ಅದಕ್ಕೇ ನಾನು ಪಟ್ಟಿ ಬದಿಗಿಟ್ಟು ಒಂದೇ ವಾಕ್ಯ ಬೋರ್ಡ್ ಮೇಲೆ ಬರೆಯುತ್ತೇನೆ. ಆಮೇಲೆ ಅದರಲ್ಲಿ ಏನಾದರೊಂದನ್ನು ಬದಲಿಸಿ ಕೆಡಿಸುತ್ತೇನೆ. ಏನು ಹಾಳಾಯಿತು ಎಂದು ಮಕ್ಕಳು ಹೇಳಬೇಕು.

1947ರ ಆಗಸ್ಟ್ 14ರ ರಾತ್ರಿ ದೆಹಲಿಯ ಸಂವಿಧಾನ ಸಭೆಯಲ್ಲಿ ನೆಹರೂ ಮಾಡಿದ ಭಾಷಣದ ಒಂದು ವಾಕ್ಯ ಇದಕ್ಕೆ ಹೇಳಿ ಮಾಡಿಸಿದಂತಿದೆ: 'ಅಟ್ ದಿ ಸ್ಟ್ರೋಕ್ ಆಫ್ ದಿ ಮಿಡ್‌ನೈಟ್ ಅವರ್, ವೆನ್ ದಿ ವರ್ಲ್ಡ್ ಸ್ಲೀಪ್ಸ್, ಇಂಡಿಯಾ ವಿಲ್ ಅವೇಕ್ ಟು ಲೈಫ್ ಅಂಡ್ ಫ್ರೀಡಮ್.'

ಮೊದಲು 'ಸ್ಲೀಪ್ಸ್' ಅಳಿಸಿ 'ವಿಲ್ ಸ್ಲೀಪ್' ಎಂದು ಬರೆಯುತ್ತೇನೆ. ಅರ್ಧ ಕ್ಲಾಸಿಗೆ ಏನೂ ತಪ್ಪು ಕಾಣುವುದಿಲ್ಲ. ಮುಂದೆ ನಡೆಯುವ ಸಂಗತಿ ತಾನೇ, 'ವಿಲ್' ಇದ್ದರೇನು ಎಂಬ ಲೆಕ್ಕ. ಇಂಗ್ಲಿಷಿನಲ್ಲಿ ಸಮಯ ಹೇಳುವ 'ವೆನ್', 'ಅಂಟಿಲ್', 'ಬಿಫೋರ್'ಗಳ ಜೊತೆ ಬರುವ ಕ್ರಿಯಾಪದ, ಮಾತು ಮುಂದಿನದ್ದೇ ಆದರೂ, ವರ್ತಮಾನದಲ್ಲೇ ಇರುತ್ತದೆ. 'ವಿಲ್' ಬರುವುದು ಮುಖ್ಯ ಭಾಗದಲ್ಲಿ ಮಾತ್ರ. ಭಾಷಣ ಶುರುವಾದಾಗ ಇನ್ನೂ ಹನ್ನೆರಡು ಹೊಡೆದಿರಲಿಲ್ಲ, ಅದಕ್ಕೇ 'ವಿಲ್ ಅವೇಕ್'. ಟೆನ್ಸ್ ಪಾಠ ಇಲ್ಲೇ ಮುಗಿಯಿತು.

ಈಗ 'ವೆನ್ ದಿ ವರ್ಲ್ಡ್ ಸ್ಲೀಪ್ಸ್' ಪೂರ್ತಿ ತೆಗೆಯಿರಿ. ಅರ್ಥಕ್ಕೆ ಧಕ್ಕೆಯಿಲ್ಲ, ಆದರೆ 'ಅವೇಕ್' ಒಂಟಿಯಾಯಿತು. ಮಲಗಿದವರ ಎದುರಿಗೆ ಏಳುವವರು ಇದ್ದದ್ದರಿಂದಲೇ ಆ ಮಾತಿಗೆ ಬಲ ಬಂದಿತ್ತು. ಇದೇ ಆಂಟಿಥಿಸಿಸ್. 'ಅವೇಕ್' ಬದಲು 'ಬಿಕಮ್ ಇಂಡಿಪೆಂಡೆಂಟ್' ಹಾಕಿ. ಸಂಗತಿ ಅದೇ, ಆದರೆ ಕಣ್ಣುಜ್ಜಿ ಎದ್ದು ಕೂತ ದೇಶ ಮಾಯ. ಪರ್ಸಾನಿಫಿಕೇಶನ್ ಎಂದರೆ ಏನೆಂದು ಇನ್ನು ವ್ಯಾಖ್ಯೆ ಬರೆಸಬೇಕಾಗಿಲ್ಲ.

ಈ ಹೊತ್ತಿಗೆ ಚುರುಕಾದ ಹುಡುಗಿಯೊಬ್ಬಳು ಕೈ ಎತ್ತುತ್ತಾಳೆ. 'ಮೇಡಂ, ಆಗ ಲಂಡನ್ನಿನಲ್ಲಿ ಸಂಜೆ ಅಲ್ವಾ?' ಹೌದು, ಅಲ್ಲಿ ಸಂಜೆ ಏಳೂವರೆ. ನ್ಯೂಯಾರ್ಕಿನಲ್ಲಿ ಮಧ್ಯಾಹ್ನ ಎರಡೂವರೆ. ಜಗತ್ತು ಮಲಗಿರಲಿಲ್ಲ! ಹಾಗಾದರೆ ಇದು ಸುಳ್ಳೇ? ನನಗೆ ಅತಿ ಇಷ್ಟವಾದ ಚರ್ಚೆ ಇದು. ಕೆಲವರು ಹೈಪರ್ಬೊಲಿ, ಅಂದರೆ ಉತ್ಪ್ರೇಕ್ಷೆ, ಎಂದು ಮುಗಿಸುತ್ತಾರೆ. ಅಷ್ಟಕ್ಕೇ ಬಿಡಬೇಡಿ. ಮಾತು ಯಾರ ಮುಂದೆ, ಯಾವ ಹೊತ್ತಿನಲ್ಲಿ ಬಂತು ಎಂದು ಕೇಳಿ. ಆ ಸಭೆಯಲ್ಲಿ ಕೂತವರಿಗೆ ಹೊರಗೆ ಕತ್ತಲೆಯಿತ್ತು. ರೆಟರಿಕ್ ಅಂದರೆ ಬರೀ ಅಲಂಕಾರವಲ್ಲ, ಕೇಳುವವರನ್ನು ಮುಂದಿಟ್ಟುಕೊಂಡು ಮಾತು ಜೋಡಿಸುವುದು.

ಪ್ರಿಪೊಸಿಶನ್‌ಗೆ ಲಿಂಕನ್ ಸಾಕು. 1863ರ ನವೆಂಬರ್ 19ರಂದು ಗೆಟಿಸ್‌ಬರ್ಗ್‌ನಲ್ಲಿ ಹೇಳಿದ 'ಆಫ್ ದಿ ಪೀಪಲ್, ಬೈ ದಿ ಪೀಪಲ್, ಫಾರ್ ದಿ ಪೀಪಲ್' ಮಕ್ಕಳಿಗೆ ಸಮಾಜ ವಿಜ್ಞಾನದ ಪಾಠದಿಂದಲೇ ಗೊತ್ತು. ಮೂರರಲ್ಲಿ ಒಂದೊಂದನ್ನೇ ಮುಚ್ಚಿ ಕೇಳಿ. 'ಬೈ' ಇಲ್ಲದಿದ್ದರೆ ಜನರಿಗಾಗಿ ರಾಜನೂ ಆಳಬಹುದು, ಅಲ್ವಾ?

ಜಾಸ್ತಿ ಹೊತ್ತು ಬೇಕಾಗುವುದು ವಾಯ್ಸ್‌ಗೆ. ಆ್ಯಕ್ಟಿವ್‌ನಿಂದ (ಕರ್ತರಿ) ಪ್ಯಾಸಿವ್‌ಗೆ (ಕರ್ಮಣಿ) ತಿರುಗಿಸುವುದು ನಮ್ಮ ಮಕ್ಕಳಿಗೆ ನೀರು ಕುಡಿದಷ್ಟು ಸುಲಭ. ಯಾಕೆ ತಿರುಗಿಸಬೇಕು ಎಂದು ಕೇಳಿದರೆ ಕ್ಲಾಸು ಸುಮ್ಮನಾಗುತ್ತದೆ. 1987ರಲ್ಲಿ ಅಮೆರಿಕದ ಅಧ್ಯಕ್ಷ ರೇಗನ್ ಇರಾನಿಗೆ ಗುಟ್ಟಾಗಿ ಆಯುಧ ಮಾರಿದ ವಿಷಯವಾಗಿ 'ಸೀರಿಯಸ್ ಮಿಸ್ಟೇಕ್ಸ್ ವರ್ ಮೇಡ್' ಎಂದರು. ಇದನ್ನು ಆ್ಯಕ್ಟಿವ್‌ಗೆ ತನ್ನಿ ಎಂದರೆ ಮಕ್ಕಳು ಪೆನ್ನು ಹಿಡಿದು ನಿಲ್ಲುತ್ತಾರೆ. ಸಬ್ಜೆಕ್ಟ್ ಎಲ್ಲಿ? ತಪ್ಪು ಮಾಡಿದವರು ಯಾರು? ವಾಕ್ಯದಲ್ಲಿ ಅವರೇ ಇಲ್ಲ.

ಹಾಗಂತ ಪ್ಯಾಸಿವ್ ಅಂದರೆ ಜಾರಿಕೊಳ್ಳುವ ದಾರಿ ಎಂದು ಕಲಿಸಬೇಡಿ. ಬ್ಯಾಂಕಿನಿಂದ ಬರುವ ಮೆಸೇಜು ನೋಡಿ: 'ಯುವರ್ ಅಕೌಂಟ್ ಹ್ಯಾಸ್ ಬೀನ್ ಡೆಬಿಟೆಡ್.' ಇಲ್ಲಿ ನಮಗೆ ಬೇಕಾದ್ದು ನಮ್ಮ ಅಕೌಂಟು. ಅದು ಮುಂದೆ ಬಂದದ್ದೇ ಸರಿ. ಇಂಥ ಒಂದು ಮೆಸೇಜೋ ನೋಟಿಸೋ ಹುಡುಕಿ ತರಲು ಹೇಳಿ. ಮಾಡಿದವರನ್ನು ಬಿಟ್ಟದ್ದು ಅವರು ಬೇಡ ಎಂದೋ, ಕಾಣಬಾರದು ಎಂದೋ? ಒಂದೇ ಸಾಲಿನಲ್ಲಿ ಬರೆಯಲಿ.

ಪದಗಳ ಮೊದಲಿಗೆ ಒಂದೇ ಸದ್ದು ಮತ್ತೆ ಮತ್ತೆ ಬರುವ ಅಲಿಟರೇಶನ್, ಸದ್ದನ್ನೇ ಅನುಕರಿಸುವ ಪದಗಳ ಆನೊಮಟೊಪಿಯಾ ಇವಕ್ಕೆಲ್ಲ ಹತ್ತು ನಿಮಿಷ ಧಾರಾಳ. ಜೋರಾಗಿ ಓದಿಸಿದರೆ ಕಿವಿಗೇ ಗೊತ್ತಾಗುತ್ತದೆ. ಉಳಿಸಿದ ಹೊತ್ತನ್ನು ಟೆನ್ಸ್‌ಗೂ ವಾಯ್ಸ್‌ಗೂ ಕೊಡಿ.